ಗೇಣುದ್ದದ ತೊಟ್ಟಿಲು



ತ್ರಿವೇಣಿಯವರ 'ಬೆಳ್ಳಿಮೋಡ' ಕಾದಂಬರಿಯ ಬಗ್ಗೆ ಮಾತಾಡುತ್ತೇನೆ ಅಂತ ಒಪ್ಪಿಕೊಂಡು ಬಂದಿದ್ದೇನೆ. ಆದರೆ ನನ್ನ ಮಟ್ಟಿಗೆ ಆ ಪುಸ್ತಕ ಶುರುವಾಗುವುದು ಮೊದಲ ಪುಟದಿಂದಲ್ಲ, ಮದ್ದೂರಿನಲ್ಲಿ ಹತ್ತಿದ ಒಂದು ಬಸ್ಸಿನಿಂದ. ನನಗಾಗ ಎಂಟೋ ಒಂಬತ್ತೋ ವರ್ಷ. ಪಕ್ಕದಲ್ಲಿ ನಮ್ಮತ್ತೆ, ಅಪ್ಪನ ಕೊನೇ ತಂಗಿ. ಕೆ.ಎಂ. ದೊಡ್ಡಿಯಿಂದ ಮಳವಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಗೆ ಅವರನ್ನು ಕೊಟ್ಟಿತ್ತು. ಮದುವೆಯಾಗಿ ಏಳೆಂಟು ವರ್ಷವಾದರೂ ಮಕ್ಕಳಿರಲಿಲ್ಲ. ಇಂಥ ಕೆಲಸಕ್ಕೆ ಹೋಗುವಾಗ ಜೊತೆಗೊಂದು ಗಂಡುಹುಡುಗ ಇದ್ದರೆ ಒಳ್ಳೆಯದು ಅಂತ ಯಾರೋ ಹಿರಿಯರು ಹೇಳಿದ್ದರಂತೆ. ಹಾಗಾಗಿ ನಾನು. ನನಗೇನು, ಬಸ್ಸಿನ ಕಿಟಕಿ ಸಿಕ್ಕಿತ್ತು, ಬರುವಾಗ ಮದ್ದೂರು ವಡೆ ಕೊಡಿಸುವ ಮಾತಾಗಿತ್ತು.

ಇಳಿದದ್ದು ದೊಡ್ಡಮಳೂರಿನಲ್ಲಿ. ಚನ್ನಪಟ್ಟಣಕ್ಕೆ ಸ್ವಲ್ಪ ಮೊದಲೇ, ಹೆದ್ದಾರಿ ಬದಿಯಲ್ಲೇ ಅಪ್ರಮೇಯಸ್ವಾಮಿ ದೇವಸ್ಥಾನ. ಅದರೊಳಗೆ ಅಂಬೆಗಾಲು ನವನೀತಕೃಷ್ಣ. ಕೈಯಲ್ಲಿ ಬೆಣ್ಣೆ ಹಿಡಿದು ಅಂಬೆಗಾಲಿಡುವ ಪುಟ್ಟ ವಿಗ್ರಹ. ಪುರಂದರದಾಸರು 'ಜಗದೋದ್ಧಾರನ' ಹಾಡಿದ್ದು ಈ ಕೂಸನ್ನು ನೋಡಿಯೇ ಅಂತ ಅಲ್ಲಿನವರ ಪ್ರತೀತಿ. ಮಕ್ಕಳಾಗದವರು ಬಂದು ಇಲ್ಲಿ ತೊಟ್ಟಿಲು ಕಟ್ಟುತ್ತಾರೆ. ಗೇಣುದ್ದದ ಮರದ ತೊಟ್ಟಿಲು, ಅದಕ್ಕೆ ಬಣ್ಣ. ಅನುಕೂಲ ಇದ್ದವರದು ಬೆಳ್ಳಿಯದು. ನಮ್ಮತ್ತೆ ಕೊಂಡದ್ದು ಕೆಂಪು ಹಳದಿ ಬಳಿದ ಒಂದನ್ನು. ಬಣ್ಣ ಇನ್ನೂ ಹಸಿಯಿತ್ತು. ಅವರ ಬೆರಳಿಗೆ ಅಂಟಿದ ಕೆಂಪನ್ನು ಸೆರಗಿಗೆ ಒರೆಸಿಕೊಂಡದ್ದು, ಬಸ್ಸಿನಲ್ಲಿ ಹಿಂದಿರುಗುವಾಗ ಆ ಸೆರಗನ್ನು ಒಳಗೆ ಮಡಿಸಿ ಬಚ್ಚಿಟ್ಟುಕೊಂಡದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ.

ಮೂರು ವರ್ಷ ಮೂರು ಸಲ ಹೋದೆವು, ಮೂರು ತೊಟ್ಟಿಲು. ಮೂರನೇ ಸಲ ಅತ್ತೆ ಹಿಂದಿನ ಎರಡನ್ನು ಹುಡುಕಿದರು. ಗೊಂಚಲು ಗೊಂಚಲಾಗಿ ಕಟ್ಟಿದ ಅಷ್ಟೊಂದು ತೊಟ್ಟಿಲುಗಳ ನಡುವೆ ತಮ್ಮದು ಯಾವುದು ಅಂತ ಗುರುತು ಹತ್ತಲಿಲ್ಲ. ಎಷ್ಟೋ ವರ್ಷದ ಮೇಲೆ ಅದನ್ನು ನೆನೆಸಿಕೊಂಡು ಅವರು ಹೇಳಿದ್ದು ಇಷ್ಟೇ: "ಅಷ್ಟೊಂದ್ ಜನ ಅವ್ರೆ ಅಂತ ಗೊತ್ತಾಗಿ ಒಸಿ ಸಮಾಧಾನ ಆಯ್ತು ಕಣ್ಲಾ ಮಗ."

ಅದೇ ಅತ್ತೆಯ ಕೈಯಲ್ಲಿ ನಾನು ಮೊದಲು 'ಬೆಳ್ಳಿಮೋಡ' ನೋಡಿದ್ದು. ಮದ್ದೂರಿನ ಬಾಡಿಗೆ ಪುಸ್ತಕದ ಅಂಗಡಿಯದು. ರಟ್ಟಿನ ಮೇಲೆ ಕಂದು ಕಾಗದ ಸುತ್ತಿತ್ತು, ಅಂಚುಗಳು ಎಣ್ಣೆ ಕುಡಿದು ಪಾರದರ್ಶಕವಾಗಿದ್ದವು. ನಮ್ಮ ಕಡೆ ಆ ಕಾಲದಲ್ಲಿ ತ್ರಿವೇಣಿಯನ್ನು ಓದಿದವರೆಲ್ಲ ಹೀಗೇ ಓದಿದ್ದು. ಒಲೆಯ ಮುಂದೆ, ಸಾರು ಕುದಿಯುವ ಹೊತ್ತಿನಲ್ಲಿ, ಅತ್ತೆಮಾವಂದಿರ ಕಣ್ಣು ತಪ್ಪಿಸಿ. ವಿಮರ್ಶಕರು ಇವರ ಮೇಲೆ 'ಜನಪ್ರಿಯ ಕಾದಂಬರಿಗಾರ್ತಿ' ಅನ್ನುವ ಚೀಟಿ ಅಂಟಿಸಿ ಬೀರುವಿನ ಕೆಳಗಿನ ಅರೆಗೆ ತಳ್ಳಿದರು. ನಾನೂ ಎಂ.ಎ. ಓದುವಾಗ ಹಾಗೇ ಮಾಡಿದೆ. ಆ ಅಹಂಕಾರ ಇಳಿಯಲು ಇಪ್ಪತ್ತು ವರ್ಷ ಬೇಕಾಯಿತು.

ತ್ರಿವೇಣಿ ನಮ್ಮವರು. 1928ರ ಸೆಪ್ಟೆಂಬರ್ 1ರಂದು ಮಂಡ್ಯದಲ್ಲಿ ಹುಟ್ಟಿದವರು. ಮಂಡ್ಯ ಆಗ ಜಿಲ್ಲೆಯಾಗಿರಲಿಲ್ಲ, ಸಕ್ಕರೆ ಕಾರ್ಖಾನೆ ಇರಲಿಲ್ಲ, ನಾಲೆಯ ನೀರೂ ಬಂದಿರಲಿಲ್ಲ. ಮನೆಯವರು ಇಟ್ಟ ಹೆಸರು ಭಾಗೀರಥಿ, ಶಾಲೆಯಲ್ಲಿ ಅನಸೂಯ. ಬಿ.ಎಂ. ಶ್ರೀಕಂಠಯ್ಯನವರು ದೊಡ್ಡಪ್ಪನ ಸ್ಥಾನದಲ್ಲಿದ್ದ ಮನೆತನ. ಆ 'ಬಿ' ಅಂದರೆ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂಗಿ ಆರ್ಯಾಂಬ ಪಟ್ಟಾಭಿಯವರೂ ಕಾದಂಬರಿಗಾರ್ತಿಯೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಚಿನ್ನದ ಪದಕ ಪಡೆದರು. ಮದುವೆಯಾದದ್ದು ಇಂಗ್ಲಿಷ್ ಅಧ್ಯಾಪಕರಾದ ಎಸ್.ಎನ್. ಶಂಕರ್ ಅವರನ್ನು. ಬರೆಯಲು ಸಿಕ್ಕ ಹತ್ತು ಹನ್ನೆರಡು ವರ್ಷದಲ್ಲಿ ಇಪ್ಪತ್ತರಷ್ಟು ಕಾದಂಬರಿ, ಮೂರು ಕಥಾಸಂಕಲನ. ಮನಶ್ಶಾಸ್ತ್ರ ಓದಿದ್ದು ವ್ಯರ್ಥವಾಗಲಿಲ್ಲ. ಹೆಣ್ಣಿನ ಮನಸ್ಸು ಕೆಡುವುದನ್ನು ದೆವ್ವದ ಲೆಕ್ಕಕ್ಕೆ ಹಾಕದೆ ಕಾಯಿಲೆಯ ಲೆಕ್ಕಕ್ಕೆ ತಂದು ಕನ್ನಡದಲ್ಲಿ ಬರೆದವರಲ್ಲಿ ಇವರು ಮೊದಲಿಗರು.

'ಬೆಳ್ಳಿಮೋಡ'ದ ಕಥೆ ಬಹಳ ಜನಕ್ಕೆ ಗೊತ್ತು, ಸಿನಿಮಾ ನೋಡಿದವರಿಗಂತೂ ಗೊತ್ತೇ ಇದೆ. ಮಲೆನಾಡಿನ ಒಂದು ಎಸ್ಟೇಟು. ಮಾಲೀಕರಿಗೆ ಒಬ್ಬಳೇ ಮಗಳು, ಇಂದಿರಾ. ಮೋಹನ ಅನ್ನುವ ಹುಡುಗನ ಜೊತೆ ಮದುವೆ ನಿಶ್ಚಯವಾಗುತ್ತದೆ. ಹುಡುಗ ಭಾವೀ ಮಾವನ ದುಡ್ಡಿನಲ್ಲೇ ಹೆಚ್ಚಿನ ಓದಿಗೆ ಅಮೆರಿಕಕ್ಕೆ ಹೋಗುತ್ತಾನೆ. ಇತ್ತ, ಇನ್ನು ಮಕ್ಕಳಾಗುವುದಿಲ್ಲ ಅಂತ ಎಲ್ಲರೂ ಬಿಟ್ಟುಬಿಟ್ಟ ಮೇಲೆ, ಇಷ್ಟು ವರ್ಷದ ನಂತರ ಇಂದಿರೆಯ ತಾಯಿ ಬಸಿರಾಗುತ್ತಾಳೆ. ಗಂಡುಮಗು. ಮನೆಗೆ ವಂಶೋದ್ಧಾರಕ ಬಂದ. ತಾಯಿ ಉಳಿಯುವುದಿಲ್ಲ. ಓದು ಮುಗಿಸಿ ಬಂದ ಮೋಹನನಿಗೆ ಎಸ್ಟೇಟಿಗೆ ವಾರಸುದಾರ ಹುಟ್ಟಿರುವುದು ತಿಳಿಯುತ್ತದೆ, ಇಂದಿರೆ ಬೇಡವಾಗುತ್ತಾಳೆ. ಮುಂದೆ ಅವನು ಪೆಟ್ಟು ತಿಂದು ಬಿದ್ದಾಗ ಅವನ ಆರೈಕೆ ಮಾಡುವವಳು ಅವಳೇ. ಅವನ ಮನಸ್ಸು ಕರಗಿ ಮದುವೆಯಾಗೋಣ ಅಂದಾಗ ಬೇಡ ಅನ್ನುವವಳೂ ಅವಳೇ.

ನಾವೆಲ್ಲ ಇದನ್ನು ಪ್ರೇಮಭಂಗದ ಕಥೆ ಅಂತ ಓದುತ್ತೇವೆ. ಪುಟ್ಟಣ್ಣ ಕಣಗಾಲರ ಸಿನಿಮಾ 1967ರಲ್ಲಿ ಬಂತು. ಕನ್ನಡದಲ್ಲಿ ಅವರು ನಿರ್ದೇಶಿಸಿದ ಮೊದಲ ಚಿತ್ರ, ಕಲ್ಪನಾ ಅವರ ಇಂದಿರೆ, ಬೇಂದ್ರೆಯವರ 'ಮೂಡಲ ಮನೆಯ' ಕವಿತೆ ವಿಜಯಭಾಸ್ಕರರ ಸಂಗೀತದಲ್ಲಿ. ಆ ಬೆಳಗಿನ ಮಂಜಿನಲ್ಲಿ ಮಿಕ್ಕದ್ದೆಲ್ಲ ಮುಚ್ಚಿಹೋಯಿತು. ಅತ್ತೆ ಆ ಸಿನಿಮಾವನ್ನು ಮದ್ದೂರಿನ ಟೆಂಟಿನಲ್ಲಿ ನೋಡಿ ಬಂದು, ಪುಸ್ತಕ ತರಿಸಿ ಇನ್ನೊಂದು ಸಲ ಓದಿದರು. ಅವರು ಕೇಳಿದ ಪ್ರಶ್ನೆ ಬೇರೆ.

"ಕೂಸ್ ಬಂತು. ತಾಯಿ ಎಲ್ಲೋದ್ಲು?"

ನಾನು ಕಾಲೇಜಿನಲ್ಲಿ ಕಾದಂಬರಿ ಪಾಠ ಮಾಡುತ್ತ ಮೂವತ್ತು ವರ್ಷ ಕಳೆದವನು. ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಗುವಿಗೆ ಹಾತೊರೆದ ಮನೆಯಲ್ಲಿ ಹರಕೆ ಫಲಿಸಿದ ದಿನವೇ ಇಬ್ಬರು ಹೆಂಗಸರ ಬದುಕು ಮುಗಿಯಿತು. ಒಬ್ಬಳದು ನಿಜವಾಗಿಯೂ, ಇನ್ನೊಬ್ಬಳದು ಮದುವೆಯ ಲೆಕ್ಕದಲ್ಲಿ. ತ್ರಿವೇಣಿ ಅದನ್ನು ಕಿರುಚಿ ಹೇಳಲಿಲ್ಲ, ಕಥೆಯ ಕೀಲಿನಲ್ಲಿ ಇಟ್ಟರು. ಆ ಕೂಸು ಹುಟ್ಟದೇ ಇದ್ದಿದ್ದರೆ ಇಂದಿರೆ ಸುಖವಾಗಿ ಮದುವೆಯಾಗುತ್ತಿದ್ದಳು, ಮೋಹನ ಒಳ್ಳೆಯ ಅಳಿಯ ಅನ್ನಿಸಿಕೊಳ್ಳುತ್ತಿದ್ದ, ಅವನು ಎಂಥವನು ಅಂತ ಯಾರಿಗೂ ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಎಷ್ಟು ಮದುವೆಗಳು ಹೀಗೆ, ಹುಟ್ಟದ ಒಂದು ಕೂಸಿನ ದಯೆಯಿಂದ ನಡೆದುಕೊಂಡು ಹೋಗುತ್ತಿವೆಯೋ.

ಸಿನಿಮಾ ಬಂದ 1967ರ ಹೊತ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಹನ್ನೊಂದು ವರ್ಷ. ಅಪ್ಪ ಸ್ವಂತ ದುಡಿದು ಗಳಿಸಿದ್ದರಲ್ಲಿ, ಅವನು ಉಯಿಲು ಬರೆಯದೆ ಹೋದರೆ, ಮಗಳಿಗೂ ಮಗನಷ್ಟೇ ಪಾಲು ಅಂತ 1956ರಲ್ಲೇ ಬರೆದಾಗಿತ್ತು. ಪಿತ್ರಾರ್ಜಿತದಲ್ಲಿ ಹೆಣ್ಣಿಗೂ ಜಾಗ ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಆ ಹೊತ್ತಿಗೆ ಮದುವೆಯಾಗದೆ ಇದ್ದವರಿಗೆ. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ಕಾಗದದ ಮೇಲೆ ಪಾಲಿತ್ತು. ನಮ್ಮ ಕಡೆ ಅಕ್ಕತಂಗಿಯರನ್ನು ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಒಂದು ರೇಷ್ಮೆ ಸೀರೆ ಕೊಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದೂ ಇತ್ತು. ಮೋಹನನಿಗೆ ಅರ್ಧ ಸಾಲಲಿಲ್ಲ, ಅಷ್ಟೇ.

ಈ ಎಸ್ಟೇಟಿನ ಕಥೆ ಮಂಡ್ಯದವರ ಎದೆಗೆ ಯಾಕೆ ಇಷ್ಟು ನಾಟಿತು ಅನ್ನುವುದಕ್ಕೆ ನನ್ನದೊಂದು ಗುಮಾನಿ ಇದೆ. ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ಸೀಮೆ ಇದು. ಕನ್ನಂಬಾಡಿ ಕಟ್ಟೆ ಎದ್ದಿತು, ಹುಲಿಕೆರೆಯ ಗುಡ್ಡದಲ್ಲಿ ಸುರಂಗ ಕೊರೆದು ಇರ್ವಿನ್ ನಾಲೆಯನ್ನು ಈಚೆಗೆ ಹರಿಸಿದರು, ನಾವೀಗ ಅದನ್ನು ವಿಶ್ವೇಶ್ವರಯ್ಯ ನಾಲೆ ಅನ್ನುತ್ತೇವೆ. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಜಿಲ್ಲೆ. ಒಂದೇ ತಲೆಮಾರಿನೊಳಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಹೊಲಗಳು ಗದ್ದೆಯಾದವು, ಗದ್ದೆಗೆ ಬೆಲೆ ಬಂತು. ಬೆಲೆ ಬಂದಮೇಲೆ ಅದು ಯಾರಿಗೆ ಅನ್ನುವ ಮಾತು ಬಂತು. ಮಳೆ ಹೊಲ ಇದ್ದಾಗ ಹೆಣ್ಣೋ ಗಂಡೋ, ದುಡಿಯುವ ಕೈ ಬೇಕಿತ್ತು. ನಾಲೆ ಗದ್ದೆ ಬಂದಮೇಲೆ ಪಹಣಿಯಲ್ಲಿ ಬರೆಸಲು ಒಂದು ಗಂಡು ಹೆಸರು ಬೇಕಾಯಿತು. ಗಂಡುಮಗುವಿನ ಆಸೆ ಮುಂಚೆ ಇರಲಿಲ್ಲ ಅಂತ ಹೇಳುತ್ತಿಲ್ಲ. ಆದರೆ ನಾಲೆ ನೀರು ಅದಕ್ಕೂ ಹರಿಯಿತು.

ಅತ್ತೆಯ ಗಂಡನ ಮನೆಗೆ ನಾಲ್ಕು ಎಕರೆ ನಾಲೆ ಗದ್ದೆ. ಗಂಡ ಒಬ್ಬನೇ ಮಗ. ಹಾಗಾಗಿ ಮದುವೆಯಾದ ಎರಡನೇ ವರ್ಷದಿಂದಲೇ ಕೇಳುವವರು ಶುರು. "ಏನವ್ವ, ಏನೂ ಇಸೇಸ ಇಲ್ವಾ?" ಕಟ್ಟೆಯ ಮೇಲೆ ಕೇಳಿದರು, ನಲ್ಲಿಯ ಹತ್ತಿರ ಕೇಳಿದರು, ಸಾವಿನ ಮನೆಯಲ್ಲೂ ಕೇಳಿದರು. ಅಮಾವಾಸ್ಯೆ ಸೋಮವಾರ ಅರಳಿಕಟ್ಟೆ ಸುತ್ತಿದ್ದಾಯಿತು, ನಾಗರಕಲ್ಲು ಪ್ರತಿಷ್ಠೆ ಮಾಡಿಸಿದ್ದಾಯಿತು. ನಾದಿನಿಯ ಸೀಮಂತದ ದಿನ ಅತ್ತೆಯನ್ನು ಅಡುಗೆಮನೆಯಲ್ಲೇ ಇರಿಸಿದರು. ಒಬ್ಬಟ್ಟು ತಟ್ಟಿದ್ದೆಲ್ಲ ಅವರೇ, ಮಡಿಲು ತುಂಬಲು ಮಾತ್ರ ಕರೆಯಲಿಲ್ಲ. ಬಂಜೆ ಅನ್ನುವ ಮಾತನ್ನು ಎದುರಿಗೆ ಯಾರೂ ಆಡಲಿಲ್ಲ. ಆಡದೆಯೇ ಗೊತ್ತಾಗುವ ಹಾಗೆ ನಡೆದುಕೊಳ್ಳುವ ಕಲೆ ನಮ್ಮ ಮನೆಗಳಿಗೆ ಚೆನ್ನಾಗಿ ಬರುತ್ತದೆ.

ಕೊನೆಗೆ ಮಂಡ್ಯದ ಒಬ್ಬ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಪರೀಕ್ಷೆ ಮಾಡಿ, ನಿಮ್ಮಲ್ಲಿ ಏನೂ ತೊಂದರೆ ಕಾಣಿಸುತ್ತಿಲ್ಲ, ಮುಂದಿನ ಸಲ ಯಜಮಾನರನ್ನು ಕರೆದುಕೊಂಡು ಬನ್ನಿ ಅಂದರು. ಮಾವ ಹೋಗಲಿಲ್ಲ. ಭತ್ತದ ಕುಯಿಲು ಅಂದರು, ಕಬ್ಬಿನ ಕಟಾವು ಅಂದರು, ಮಾರಿಹಬ್ಬ ಅಂದರು. ಹಾಗೇ ವಯಸ್ಸು ಮೀರಿತು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ ಅನ್ನುವುದು ಇವತ್ತು ವೈದ್ಯಶಾಸ್ತ್ರದಲ್ಲಿ ಚರ್ಚೆಯ ವಿಷಯವೇ ಅಲ್ಲ. ಜಗತ್ತಿನ ವಯಸ್ಕರಲ್ಲಿ ಆರು ಜನಕ್ಕೆ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಈ ತೊಂದರೆ ಕಾಣುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಈಗ ಮಂಡ್ಯದ ರಸ್ತೆಯಲ್ಲಿ ಮಕ್ಕಳ ಭಾಗ್ಯದ ಆಸ್ಪತ್ರೆಗಳ ಫಲಕ ಕಾಣುತ್ತದೆ, ಅವುಗಳಲ್ಲಿ ಗುಂಡುಗುಂಡಗಿನ ಕೂಸಿನ ಚಿತ್ರ. ತಲೆ ತಗ್ಗಿಸಿ ಪರೀಕ್ಷೆಗೆ ಹೋಗುವ ಗಂಡಸಿನ ಚಿತ್ರ ಇರುವ ಫಲಕ ನಾನಂತೂ ಕಂಡಿಲ್ಲ.

ಮಾವ ಎರಡನೇ ಮದುವೆ ಮಾಡಿಕೊಳ್ಳಲಿಲ್ಲ. 1955ರ ಕಾನೂನು ಅದನ್ನು ತಡೆದಿತ್ತು ನಿಜ, ಆದರೆ ಕಾನೂನು ನಮ್ಮೂರಿನ ಚಪ್ಪರದೊಳಕ್ಕೆ ಬರುತ್ತಿದ್ದುದು ಕಡಿಮೆ. ಅವರ ತಾಯಿ ಒತ್ತಾಯ ಮಾಡಿದರೂ ಅವರು ಒಪ್ಪಲಿಲ್ಲ. ಊರಲ್ಲಿ, ಎಂಥಾ ಗಂಡ, ಹೆಂಡತಿಯ ಮೇಲೆ ಎಷ್ಟು ಪ್ರೀತಿ ಅಂತ ಹೊಗಳಿಕೆ. ಅತ್ತೆ ಮಾತ್ರ ಒಂದು ದಿನ ಅವರೆಕಾಯಿ ಸುಲಿಯುತ್ತ, ಯಾರೂ ಇಲ್ಲದಾಗ, ಹೇಳಿದರು: "ಪಿರೂತಿ ಇತ್ತು, ಇಲ್ಲ ಅನ್ನಕಿಲ್ಲ. ಆದ್ರೆ ಇನ್ನೊಬ್ಬಳ್ನ ತಂದು ಅವಳ್ಗೂ ಆಗ್ದೆ ಹೋದ್ರೆ ಅಂತ ಬಯಾನೂ ಇತ್ತು ಕಣ್ಲಾ."

ನಮ್ಮ ಸೀಮೆಯ ಹಾಡುಗಾರರಿಗೆ ಈ ಭಯ ಹಳೆಯ ಪರಿಚಯ. ಮಳವಳ್ಳಿ, ಕೊಳ್ಳೇಗಾಲದ ಕಡೆಯ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲು ಅಂತ ಒಂದಿದೆ. ನಾನು ಅದನ್ನು ಪೂರ್ತಿ ಕೇಳಿದ್ದು ಮಳವಳ್ಳಿ ತಾಲ್ಲೂಕಿನ ಒಂದು ಜಗಲಿಯ ಮೇಲೆ, ರಾತ್ರಿ ಹತ್ತಕ್ಕೆ ಶುರುವಾಗಿ ಕೋಳಿ ಕೂಗುವವರೆಗೆ. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಮಕ್ಕಳಿಲ್ಲ. ಗಂಡ ಕಾಡಿಗೆ ಹೊರಡುವ ಮುಂಚೆ, ನಾನು ಬರುವತನಕ ಪತಿವ್ರತೆಯಾಗಿ ಇರುತ್ತೇನೆ ಅಂತ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಭಾಷೆ ಕೊಡದೆ ಇರುವುದೇ ಅವಳ ಘನತೆ. ಅದಕ್ಕೆ ಅವನು ಅವಳನ್ನು ಹಿಂಸಿಸಿ ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಜಂಗಮನ ರೂಪದಲ್ಲಿ ಬಂದು ಕಟ್ಟು ಬಿಡಿಸುತ್ತಾನೆ, ಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುವುದು ಹಾಗೆ. ಗಂಡ ತಿರುಗಿ ಬಂದಮೇಲೆ ಸಂಕಮ್ಮ ಸತ್ಯಪರೀಕ್ಷೆಗೂ ನಿಲ್ಲಬೇಕಾಗುತ್ತದೆ. ಹಾಡುವವರು ಬದಲಾದಂತೆ ವಿವರ ಬದಲಾಗುತ್ತದೆ, ಕಟ್ಟಿಹಾಕುವ ಭಾಗ ಮಾತ್ರ ಎಲ್ಲರಲ್ಲೂ ಉದ್ದ.

ಆ ರಾತ್ರಿ ಆ ಭಾಗ ಬಂದಾಗ ಹೆಂಗಸರು ಕೂತ ಕಡೆ ಮಾತು ನಿಂತಿತು. ಎಲೆ ಅಡಿಕೆ ತಟ್ಟೆ ಅಲ್ಲಾಡಲಿಲ್ಲ. ಮಕ್ಕಳ ವರದ ಭಾಗ ಬಂದಾಗ ಎಲ್ಲರೂ ನಿಟ್ಟುಸಿರು ಬಿಟ್ಟು ಎಲೆಗೆ ಸುಣ್ಣ ಹಚ್ಚಿಕೊಂಡರು. ನಾನು ಗಮನಿಸಿದ್ದು ಒಂದು ಮಾತು. ಹಾಡುಗಾರ ಗಂಡಸು, ದೇವರು ಗಂಡು, ವರವಾಗಿ ಬಂದ ಮಕ್ಕಳು ಗಂಡು. ಆದರೂ ಆ ಸಾಲಿಗೆ ಸಂಕಮ್ಮನ ಹೆಸರು. ಜನಪದಕ್ಕೆ ಯಾವ ಕಥೆ ಯಾರದು ಅಂತ ಗೊತ್ತು.

ಮಳವಳ್ಳಿ ತಾಲ್ಲೂಕಿನ ಅಂಚಿನಲ್ಲಿ ಶಿವನಸಮುದ್ರದಲ್ಲಿ ಧುಮುಕುವ ಅದೇ ಕಾವೇರಿ, ಮೆಟ್ಟೂರು ದಾಟಿ ಈರೋಡಿನ ಕಡೆಗೆ ಹರಿಯುತ್ತದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ತಿರುಚೆಂಗೋಡು. ಆ ಊರಿನ ಅರ್ಧನಾರೀಶ್ವರನ ಬೆಟ್ಟದ ಸುತ್ತ ಪೆರುಮಾಳ್ ಮುರುಗನ್ ಅವರು 2010ರಲ್ಲಿ ತಮಿಳಿನಲ್ಲಿ 'ಮಾದೊರುಬಾಗನ್' ಕಾದಂಬರಿ ಬರೆದರು. ಕಾಳಿ, ಪೊನ್ನಾ ಅನ್ನುವ ಒಕ್ಕಲು ಗಂಡಹೆಂಡತಿ. ಒಬ್ಬರನ್ನೊಬ್ಬರು ಬಿಟ್ಟಿರಲಾರದಷ್ಟು ಪ್ರೀತಿ. ಹನ್ನೆರಡು ವರ್ಷ ಮಕ್ಕಳಿಲ್ಲ. ತೇರಿನ ಹಬ್ಬದ ಕೊನೆಯ ರಾತ್ರಿ ಮಕ್ಕಳಿಲ್ಲದ ಹೆಂಗಸು ಅಲ್ಲಿ ಯಾವ ಗಂಡಸಿನ ಜೊತೆ ಸೇರಿದರೂ ಅವನು ದೇವರೇ ಅನ್ನುವ ಪದ್ಧತಿ ಆ ಕಥೆಯಲ್ಲಿ ಬರುತ್ತದೆ. ಮನೆಯವರು ಸೇರಿ ಪೊನ್ನಾಳನ್ನು ಕಳಿಸುತ್ತಾರೆ. ನಿನ್ನ ಗಂಡ ಒಪ್ಪಿದ್ದಾನೆ ಅಂತ ಅವಳಿಗೆ ಸುಳ್ಳು ಹೇಳಿರುತ್ತಾರೆ. 2014ರ ಕೊನೆಗೆ ಆ ಊರಿನಲ್ಲಿ ಗಲಾಟೆಯೆದ್ದು, ಮುರುಗನ್ ಅವರು ತಮ್ಮೊಳಗಿನ ಲೇಖಕ ಸತ್ತ ಅಂತ ಹೇಳಿ ಬರವಣಿಗೆ ನಿಲ್ಲಿಸುವಂತಾಯಿತು. 2016ರಲ್ಲಿ ಮದರಾಸು ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಮೇಲೆ ಮತ್ತೆ ಬರೆದರು.

ಈಚೆಯ ಜನ ಸಂಕಮ್ಮನನ್ನು ರಾತ್ರಿಯೆಲ್ಲ ಕೂತು ಕೇಳುತ್ತಾರೆ, ಅದೇ ಹೊಳೆಯ ಆಚೆಯವರು ಪೊನ್ನಾಳ ಕಥೆಗೆ ಕಲ್ಲು ಎತ್ತುತ್ತಾರೆ ಅನ್ನುವುದು ನನಗೆ ಮೊದಲು ಸೋಜಿಗವಾಗಿತ್ತು. ಈಗ ಹಾಗನ್ನಿಸುವುದಿಲ್ಲ. ಸಂಕಮ್ಮನಿಗೆ ಕೂಸು ಕೊಟ್ಟವನು ದೇವರು ಅಂತ ಹಾಡು ಖಚಿತವಾಗಿ ಹೇಳುತ್ತದೆ. ಪೊನ್ನಾಳ ಕಥೆ ಆ ಬಾಗಿಲನ್ನು ಒಂದು ಬೆರಳಷ್ಟು ತೆರೆದು, ಒಳಗೆ ಮನುಷ್ಯರಿದ್ದಾರೆ ನೋಡಿ ಅನ್ನುತ್ತದೆ. ವಾರಸುದಾರನ ಹಸಿವು ಇಷ್ಟು ದೊಡ್ಡದು, ಗಂಡಸಿನ ಮಾನ ಅಷ್ಟು ದೊಡ್ಡದು, ಎರಡರ ನಡುವೆ ದಾರಿ ಹುಡುಕಿ ನಡೆಯಬೇಕಾದವಳು ಒಬ್ಬಳೇ ಹೆಂಗಸು. ನಮ್ಮ ಮಾವ ಡಾಕ್ಟರ ಹತ್ತಿರ ಹೋಗಲಿಲ್ಲ, ಅತ್ತೆ ದೊಡ್ಡಮಳೂರಿಗೆ ಮೂರು ಸಲ ಹೋದರು. ಅದೂ ಒಂದು ಬಗೆಯ ಬೆಟ್ಟವೇ.

ತ್ರಿವೇಣಿಯವರ ವಿಷಯಕ್ಕೆ ತಿರುಗಿ ಬರುತ್ತೇನೆ. ಅವರಿಗೂ ತಾಯಾಗುವ ದಾರಿ ಸಲೀಸಾಗಿರಲಿಲ್ಲ. ಒಂದಕ್ಕಿಂತ ಹೆಚ್ಚು ಸಲ ಗರ್ಭ ಉಳಿಯಲಿಲ್ಲ, ಜೊತೆಗೆ ಉಬ್ಬಸ. 1963ರ ಜುಲೈಯಲ್ಲಿ ಹೆಣ್ಣುಮಗು ಹುಟ್ಟಿತು. ಹತ್ತು ದಿನದ ಮೇಲೆ, ಜುಲೈ 29ರಂದು, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡು ತೀರಿಹೋದರು. ಮೂವತ್ತೈದು ತುಂಬಿರಲಿಲ್ಲ. ಬರೆಯುತ್ತಿದ್ದ ಕಾದಂಬರಿ 'ಅವಳ ಮಗಳು' ಅರ್ಧಕ್ಕೆ ನಿಂತಿತ್ತು, ಅದನ್ನು ಎಂ.ಸಿ. ಪದ್ಮ ಅವರು ಪೂರ್ತಿ ಮಾಡಿದರು.

'ಬೆಳ್ಳಿಮೋಡ'ದ ತಾಯಿಯ ಹಾಗೇ ಆಯಿತು ನೋಡಿ, ಬರೆದದ್ದೇ ನಡೆಯಿತು, ವಿಧಿ ಅಂತ ಹೇಳುವವರಿದ್ದಾರೆ. ಸಾಹಿತ್ಯ ಸಭೆಗಳಲ್ಲಿ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದನ್ನೂ ಕೇಳಿದ್ದೇನೆ. ನನಗೆ ಆ ಮಾತು ಹಿಡಿಸುವುದಿಲ್ಲ. ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ ಹೊತ್ತಿಗಿಂತ ಬಹಳ ಹೆಚ್ಚು. ಹೆತ್ತ ಮೈ ರಕ್ತಸ್ರಾವ ತಡೆದುಕೊಳ್ಳಲು ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಮಾಡಿಕೊಳ್ಳುತ್ತದೆ. ಕಾಲಿನಲ್ಲೋ ಕಿಬ್ಬೊಟ್ಟೆಯಲ್ಲೋ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಅದು ಕ್ಷಣದ ಕೆಲಸ. ಬಾಣಂತಿಯನ್ನು ದಿನಗಟ್ಟಲೆ ಅಲ್ಲಾಡದೆ ಮಲಗಿಸಬೇಡಿ, ಸ್ವಲ್ಪ ಓಡಾಡಿಸಿ ಅಂತ ಈಗಿನ ಡಾಕ್ಟರುಗಳು ಹೇಳುವುದು ಅದಕ್ಕೇ. ವಿಧಿ ಅಂದುಬಿಟ್ಟರೆ ಇದಾವುದನ್ನೂ ತಿಳಿದುಕೊಳ್ಳಬೇಕಾದ ಅಗತ್ಯ ಬೀಳುವುದಿಲ್ಲ. ಮನಸ್ಸಿನ ಕಾಯಿಲೆಯನ್ನು ದೆವ್ವ ಅನ್ನಬೇಡಿ ಅಂತ 'ಶರಪಂಜರ' ಬರೆದವರ ಸಾವಿಗೆ ನಾವು ವಿಧಿ ಅನ್ನುವುದು ಅವರಿಗೆ ಮಾಡುವ ಮರ್ಯಾದೆಯಲ್ಲ.

'ಶರಪಂಜರ'ವನ್ನು ಪಕ್ಕಕ್ಕಿಟ್ಟರೆ 'ಬೆಳ್ಳಿಮೋಡ' ಇನ್ನೂ ಚೆನ್ನಾಗಿ ಕಾಣುತ್ತದೆ. ಅದರ ನಾಯಕಿ ಕಾವೇರಿಗೆ ಹೆರಿಗೆಯ ನಂತರ ಬುದ್ಧಿ ಕಲಕುತ್ತದೆ, ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳಿಗೆ ವಾಸಿಯಾಗಿದೆ ಅಂತ ನಂಬುವ ಒಬ್ಬರೂ ಮನೆಯಲ್ಲಿಲ್ಲ. ಅಲ್ಲಿ ಮಗುವಿನ ಹಂಬಲ ಇಲ್ಲ, ಹಂಬಲ ತೀರಿದ ಮೇಲಿನ ಲೆಕ್ಕ ಇದೆ. ಹೆತ್ತವಳು ಮೊದಲಿನಂತೆ ಕಾಫಿ ಮಾಡಿ ಕೊಡುವವರೆಗೆ ಮಾತ್ರ ಅವಳು ಹೆಂಡತಿ. ಒಂದರಲ್ಲಿ ಹೆರುವ ಮೊದಲು, ಇನ್ನೊಂದರಲ್ಲಿ ಹೆತ್ತ ಮೇಲೆ. ಇಬ್ಬದಿಯನ್ನೂ ತ್ರಿವೇಣಿ ಕಂಡಿದ್ದರು.

ಈಗ ಹೇಳಲು ಮನಸ್ಸಿಲ್ಲದ, ಆದರೆ ಬಿಡಲಾಗದ ಒಂದು ವಿಷಯ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಹೆಣ್ಣುಭ್ರೂಣ ಪತ್ತೆ ಮಾಡಿ ತೆಗೆಸುವ ಒಂದು ಜಾಲವನ್ನು ಬೆನ್ನಟ್ಟಿ ಮಂಡ್ಯ ತಾಲ್ಲೂಕಿಗೆ ಬಂದರು. ಸ್ಕ್ಯಾನಿಂಗ್ ನಡೆಯುತ್ತಿದ್ದ ಜಾಗ ಆಸ್ಪತ್ರೆಯಲ್ಲ, ಆಲೆಮನೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸಿದ ಕಾನೂನು 1994ರದು. ಪ್ರಕರಣ ಆಮೇಲೆ ಸಿಐಡಿಗೆ ಹೋಯಿತು.

ಆಲೆಮನೆ ಅಂದರೆ ನಮಗೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ. ಗಾಣದಿಂದ ಇಳಿವ ಹಾಲಿಗೆ ಲೋಟ ಹಿಡಿದು ನಿಲ್ಲುವ ಮಕ್ಕಳು, ಕೊಪ್ಪರಿಗೆಯಲ್ಲಿ ಉಕ್ಕುವ ನೊರೆ, ಬೆಲ್ಲದ ಪಾಕವನ್ನು ಎಲೆಯ ಮೇಲೆ ಹಾಕಿಸಿಕೊಂಡು ಬಾಯಿ ಸುಟ್ಟುಕೊಂಡದ್ದು. ಬಸಿರಿ ಹೆಣ್ಣು ಆಲೆಮನೆ ಮುಂದೆ ಹೋದರೆ ಕೇಳದೆಯೇ ಒಂದು ಅಚ್ಚು ಬೆಲ್ಲ ಕೈಗಿಡುತ್ತಿದ್ದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ಅತ್ತೆ ಕಾಫಿಗೆ ಬೆಲ್ಲ ಬೇಡ ಅಂದರು. ಅಷ್ಟೇ. ಬೇರೇನೂ ಹೇಳಲಿಲ್ಲ. ಅವರಿಗೆ ಆಗ ಎಂಬತ್ತರ ಹತ್ತಿರ. ಮಾವ ಹೋಗಿ ಎಷ್ಟೋ ವರ್ಷವಾಗಿತ್ತು. ನಾಲ್ಕು ಎಕರೆ ಗದ್ದೆಯನ್ನು ನಾದಿನಿಯ ಮಕ್ಕಳು ಉಳುತ್ತಿದ್ದರು.

ಅದಕ್ಕೆ ಹೆಚ್ಚುಕಡಿಮೆ ಒಂಬತ್ತು ತಿಂಗಳ ಹಿಂದೆ, ಅದೇ ವರ್ಷದ ಫೆಬ್ರವರಿಯಲ್ಲಿ, ಇನ್ನೊಂದು ಸುದ್ದಿ ದೇಶವೆಲ್ಲ ಸುತ್ತಿತ್ತು. ಮದುವೆಗೆ ಹೆಣ್ಣು ಸಿಗದ ನಮ್ಮ ಕಡೆಯ ರೈತ ಹುಡುಗರು, ಮೂವತ್ತು ದಾಟಿದವರು, ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬ್ರಹ್ಮಚಾರಿಗಳ ಪಾದಯಾತ್ರೆ ಅಂತ ಅವರೇ ಹೆಸರಿಟ್ಟುಕೊಂಡಿದ್ದರು. ಅದಕ್ಕೆ ಮೂರು ತಿಂಗಳ ಮುಂಚೆ ಆದಿಚುಂಚನಗಿರಿಯಲ್ಲಿ ನಡೆದ ವಧೂವರರ ಸಮಾವೇಶಕ್ಕೆ ಹತ್ತು ಸಾವಿರಕ್ಕೂ ಮೀರಿ ಗಂಡುಗಳು, ಇನ್ನೂರೈವತ್ತರಷ್ಟು ಹೆಣ್ಣುಗಳು ಹೆಸರು ಬರೆಸಿದ್ದರು ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಟಿವಿಯವರಿಗೆ ಇದೆಲ್ಲ ತಮಾಷೆ. ರಾಜ್ಯವೆಲ್ಲ ನಕ್ಕಿತು. ಓದಿದ ಹುಡುಗಿಯರು ಬೆಂಗಳೂರು ಬೇಕು ಅನ್ನುತ್ತಾರೆ, ಹಳ್ಳಿಗೆ ಬರುವುದಿಲ್ಲ ಅಂತ ಹುಡುಗರ ದೂರು. ಅದರಲ್ಲಿ ನಿಜವಿಲ್ಲ ಅಂತಲ್ಲ. ಸಗಣಿ ಬಾಚಿ, ಕಳೆ ಕಿತ್ತು, ಆಮೇಲೆ "ಏನೂ ಇಸೇಸ ಇಲ್ವಾ" ಅನ್ನಿಸಿಕೊಳ್ಳಲು ಯಾರು ಬರುತ್ತಾರೆ.

ಹುಡುಗರು ನಡೆದ ದಾರಿಯಲ್ಲೇ ಅತ್ತೆಯ ಊರು. ನಾನು ಅವತ್ತು ಅಲ್ಲೇ ಇದ್ದೆ. ಬಿಸಿಲು ಏರಿತ್ತು. ಹಸಿರು ಶಾಲು ಹೊದ್ದ ನಾಲ್ಕೈದು ಜನ ಗುಂಪಿನಿಂದ ಹಿಂದೆ ಬಿದ್ದು, ಜಗಲಿಯ ಮುಂದಿನ ಹೊಂಗೆ ನೆರಳಿಗೆ ಬಂದು ನಿಂತರು. ಕಾಲಿನಲ್ಲಿ ಹೊಸ ಚಪ್ಪಲಿ, ಒಬ್ಬನ ಹಿಮ್ಮಡಿ ಆಗಲೇ ಗುಳ್ಳೆ ಎದ್ದಿತ್ತು. ಅತ್ತೆ ಒಳಗಿಂದ ತಂಬಿಗೆಯಲ್ಲಿ ನೀರುಮಜ್ಜಿಗೆ ತಂದು ಕೊಟ್ಟರು. ಎಲ್ಲಿಗಪ್ಪ ಅಂತ ಕೇಳಿದರು. ಮಾದಪ್ಪನ ಬೆಟ್ಟಕ್ಕೆ, ಹೆಣ್ಣು ಸಿಗಲಿ ಅಂತ ಹರಕೆ ಅಂದ ಒಬ್ಬ, ನಾಚಿಕೊಂಡು. ಅವನಿಗೆ ಮೂವತ್ತೆಂಟು ಇರಬೇಕು, ಕಿವಿಯ ಹತ್ತಿರ ಕೂದಲು ನೆರೆತಿತ್ತು.

ಅತ್ತೆ ಅವನನ್ನೇ ನೋಡುತ್ತ ಕೇಳಿದರು: "ನಿಮ್ಮವ್ವಂಗೆ ಹೆಣ್ಮಕ್ಳು ಎಷ್ಟು ಜನಪ್ಪ?"

"ಇಲ್ಲ ಕಣಜ್ಜಿ. ನಾವಿಬ್ರೂ ಗಂಡುಮಕ್ಕಳೇ."

ಅತ್ತೆ ಏನೂ ಅನ್ನಲಿಲ್ಲ. ಅವನ ಕೈಯಲ್ಲಿದ್ದ ಲೋಟ ಇಸಿದುಕೊಂಡು ಮತ್ತೆ ಮಜ್ಜಿಗೆ ತುಂಬಿ ಕೊಟ್ಟರು.